ತೊಟ್ಟಿಲಿಗೆ ಮುಂಚಿನ ಹೆಸರು

"ಗುರುಗಳೇ, ಒಂದು ಕಾಲಂ ತುಂಬುವ ತನಕ ಮುಂದಿನ ಕಾಲಂಗಳನ್ನು ಮುಚ್ಚಿಟ್ಟರೆ ತಪ್ಪೇನು?" ಎಂದು ಶಿಷ್ಯ ಕೇಳಿದ. ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ತುಂಬುವ ಅರ್ಜಿಗಳನ್ನು ಸಿದ್ಧಪಡಿಸುವುದು ಅವನ ಕೆಲಸ. ತೆರೆದಿಟ್ಟರೆ ಜನ ಮನಸ್ಸಿಗೆ ಬಂದಂತೆ ತುಂಬುತ್ತಾರೆ, ಮುಚ್ಚಿದರೆ ಮಾತ್ರ ಶಿಸ್ತು ಬರುತ್ತದೆ ಎಂಬುದು ಅವನ ವಾದ.

ಗುರು ಹೇಳಿದರು:

ತನಗೆ ತಿಳಿಯದ್ದನ್ನು ಬರೆಯಬಾರದು. ಬರೆಯುವವರಿಗೆ ಇದೇ ಮೊದಲ ನಿಯಮ. ಒಂದು ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ದಿನಾ ಮುರಿಯುತ್ತಿದ್ದರು.

ಅಲ್ಲಿ ಮಗುವನ್ನು ಮನೆಗೆ ಕಳಿಸುವ ಮುಂಚೆ ದಾದಿಯರು ಕಂಪ್ಯೂಟರಿನಲ್ಲಿ ವಿವರ ತುಂಬಬೇಕು. ಮೊದಲ ಕಾಲಂ ಹೆಸರಿನದು. ಅದು ತುಂಬುವ ತನಕ ತೂಕ, ರಕ್ತದ ಗುಂಪು, ಮುಂದಿನ ಲಸಿಕೆಯ ದಿನ ಎಲ್ಲವೂ ಮಂಕಾಗಿ ಕೂತಿರುತ್ತಿದ್ದವು. ಎಷ್ಟು ಒತ್ತಿದರೂ ಅಕ್ಷರ ಮೂಡುತ್ತಿರಲಿಲ್ಲ. ತುಂಬಿ ಉಳಿಸಿದ ಮೇಲೆ ಹೆಸರಿನ ಕಾಲಂ ಕೂಡ ಮುಚ್ಚಿಹೋಗುತ್ತಿತ್ತು, ಮತ್ತೆ ತಿದ್ದುವಂತಿಲ್ಲ. ಆದರೆ ಆ ಸೀಮೆಯಲ್ಲಿ, ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ ಹೇಳುವ ತನಕ ಮಗುವಿಗೆ ಹೆಸರೇ ಇಲ್ಲ. ಮೂರು ದಿನದ ಕೂಸಿಗೆ ಹೆಸರು ಎಲ್ಲಿಂದ ತರುವುದು? ಗಂಡಾದರೆ ಪುಟ್ಟ, ಹೆಣ್ಣಾದರೆ ಪುಟ್ಟಿ ಎಂದು ಒತ್ತಿ ದಾದಿಯರು ಮುಂದೆ ಹೋಗುತ್ತಿದ್ದರು.

ಒಂದು ದಿನ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ಹೊಸ ದಾದಿಯ ಮುಂದೆ ಬಂದು ನಿಂತಳು. ಅವಳ ಮೊದಲ ಮಗಳೂ ಅಲ್ಲೇ ಹುಟ್ಟಿ, ಪುಟ್ಟಿ ಎಂದೇ ದಾಖಲಾದವಳು. ದಡಾರದ ಲಸಿಕೆಗೆ ಕರೆತಂದಾಗ ಇನ್ನಾವಳೋ ಪುಟ್ಟಿಯ ವಿವರ ನೋಡಿ, ಹಾಕಿ ಆಗಿದೆ ಹೋಗಮ್ಮ ಎಂದು ಕಳಿಸಿಬಿಟ್ಟಿದ್ದರು. ಆಮೇಲೆ ಮಗಳಿಗೆ ದಡಾರ ಬಂತು. ಅತ್ತೆ ಹೆಸರು ಹೇಳಿದ್ದ ಆ ಕಿವಿಗೆ ಈಗ ಏನೂ ಕೇಳಿಸುವುದಿಲ್ಲ.

"ಇದಕ್ಕ ಪುಟ್ಟಿ ಅಂತ ಬರೀಬ್ಯಾಡ್ರಿ ಸಿಸ್ಟರ್," ಎಂದಳು ತಾಯಿ. "ಹೆಸರಿಡಾಕಿ ಇದರತ್ತಿ. ಅಕಿ ಮನಸಿನಾಗ ಏನೈತೋ ನನಗೂ ಗೊತ್ತಿಲ್ಲ."

ದಾದಿಯ ಕೈ ತಡೆಯಿತು. ಹೆಸರಿಲ್ಲದಿದ್ದರೆ ಲಸಿಕೆಯ ದಿನ ದಾಖಲಾಗದು. ದಾಖಲಾಗದಿದ್ದರೆ ಬೈಗುಳ ತನಗೆ. ಸಾಲು ಬಾಗಿಲು ದಾಟಿತ್ತು. ಪಕ್ಕದ ಮೇಜಿನ ಹಿರಿಯ ದಾದಿ ನಕ್ಕಳು.

"ಏನರೆ ಒಂದು ಹೊಡದು ಮುಂದಕ್ಕ ಹೋಗವಾ. ನೀ ಏನು ಅದರ ಸೋದರತ್ತಿ ಏನು?"

"ಅಲ್ಲಲ್ರಿ, ಅದಕ್ಕ ಬರಿಯಂಗಿಲ್ಲ," ಎಂದು ಹೊಸ ದಾದಿ ಕೀಲಿಮಣೆಯಿಂದ ಕೈ ತೆಗೆದಳು. ಒಂದು ಹಾಳೆ ಎಳೆದುಕೊಂಡಳು. ಹೆಸರು ಎಂದು ಬರೆದು ಜಾಗ ಖಾಲಿ ಬಿಟ್ಟಳು. ಕೆಳಗೆ ತಾಯಿಯ ಹೆಸರು, ಕೂಸಿನ ತೂಕ, ರಕ್ತದ ಗುಂಪು, ಲಸಿಕೆಯ ದಿನ. ಅದನ್ನೇ ಇನ್ನೊಂದು ಹಾಳೆಗೂ ಬರೆದು, ಒಂದನ್ನು ತಾಯಿಗೆ ಕೊಟ್ಟು, ಇನ್ನೊಂದನ್ನು ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿದಳು.

ದೊಡ್ಡ ಡಾಕ್ಟರು ರೇಗಿದರು. ಅವಳು ಹಾಳೆ ಕೀಳಲಿಲ್ಲ. ಹದಿನೈದು ದಿನಕ್ಕೆ ತಾಯಿ ಬಂದು ಹೆಸರು ಹೇಳಿದಳು; ದಾದಿ ಅದನ್ನು ಆಗ ಕಂಪ್ಯೂಟರಿಗೆ ಏರಿಸಿದಳು. ತಿಂಗಳು ಕಳೆಯುವುದರೊಳಗೆ ಗೋಡೆಯ ಮೇಲೆ ನಲವತ್ತು ಹಾಳೆಗಳಾದವು. ಅರ್ಧಕ್ಕರ್ಧ ಆ ಹಿರಿಯ ದಾದಿಯ ಕೈಬರಹದಲ್ಲಿದ್ದವು.

ಗುರು ಕತೆ ನಿಲ್ಲಿಸಿದರು.

"ಆ ಅರ್ಜಿ ಮಾಡಿದವನು ಆಮೇಲೆ ಏನು ಮಾಡಿದ, ಗುರುಗಳೇ?"

"ಅದನ್ನು ನೀನು ಇನ್ನೂ ನನಗೆ ಹೇಳಿಲ್ಲ."