ಗಾದಿಲಿಂಗಪ್ಪ ಯಂತ್ರಕ್ಕೆ ಹೇಳದ ಮಾತು

ಬಳ್ಳಾರಿ ಸೀಮೆಯಲ್ಲಿ ಟೈಲ್ಸಿಗೆ ಬೇಕಾದ ಬಣ್ಣದ ಪುಡಿ ಬೇಯಿಸುವ ಕಾರ್ಖಾನೆಯೊಂದಿತ್ತು. ಅಲ್ಲಿನ ಕುಲುಮೆಗೆ ಗಾದಿಲಿಂಗಪ್ಪನೇ ಮೇಸ್ತ್ರಿ. ಅದಿರು, ಸೋಡಾ ಅರೆದು, ಮೂಸೆಯೆಂಬ ಮಣ್ಣಿನ ಪಾತ್ರೆಗೆ ತುಂಬಿ ಬೆಂಕಿಗಿಟ್ಟನೆಂದರೆ ನವಿಲಿನ ಕತ್ತೂ ನಾಚಬೇಕು, ಅಂಥ ನೀಲಿ. ಅವನ ಕುಲುಮೆ ಹೊತ್ತಿದ ದಿನ ಮೂರು ಹರದಾರಿ ಆಚೆಯ ಕೋಳಿಗಳೂ ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿದ್ದವು! ನಂಬುವವರು ನಂಬಿ, ನಂಬದವರು ಸಿಪ್ಪೆ ಸುಲಿದು ತಿನ್ನಿ.

ಆ ಕುಲುಮೆಯವರದು ಒಂದು ರೂಢಿ. ಪಾಕ ಕೆಟ್ಟರೆ ಮೂಸೆಯನ್ನು ಯಾರ ಕಣ್ಣಿಗೂ ಬೀಳದಂತೆ ಹಿತ್ತಲಲ್ಲಿ ಹೂಳಬೇಕು. ಆಮೇಲೆ ಅದರ ಸುದ್ದಿ ಎತ್ತಬಾರದು. ಎತ್ತಿದರೆ ಬೆಂಕಿಗೆ ಅವಮಾನ.

ಒಮ್ಮೆ ಮಾಲೀಕರು ಕೃತಕ ಬುದ್ಧಿಮತ್ತೆಯ ಯಂತ್ರ ತಂದರು. ಅದು ಕೇಳಿಸಿಕೊಳ್ಳುತ್ತಿತ್ತು, ಮಾತಾಡುತ್ತಿತ್ತು. ಹಳೆಯ ಪಾಕಗಳನ್ನು ಕೇಳಿ ಕಲಿತು, ಹೊಸ ಬಣ್ಣಕ್ಕೆ ಯಾವ ಅದಿರು, ಎಷ್ಟು ಕಾವು ಎಂದು ದಾರಿ ಹೇಳುವುದು ಅದರ ಕೆಲಸ.

ಗಾದಿಲಿಂಗಪ್ಪ ಮೀಸೆ ತೀಡುತ್ತಾ ಗೆದ್ದ ಪಾಕಗಳನ್ನೆಲ್ಲ ಹೇಳಿದ. ಸೋತದ್ದು ಒಂದನ್ನೂ ಬಾಯಿಬಿಡಲಿಲ್ಲ. ಪ್ರಾಯದಲ್ಲಿ ಒಮ್ಮೆ ಸೋಡಾ ಹೆಚ್ಚು ಹಾಕಿ, ಮುಚ್ಚಳಕ್ಕೆ ಮಣ್ಣು ಮೆತ್ತಿ ಕಾಯಿಸಿದ್ದ. ಸೋಡಾ ಕಾದು ಒಳಗೆದ್ದ ಅನಿಲಕ್ಕೆ ದಾರಿಯಿಲ್ಲದೆ ಮೂಸೆ ಸಿಡಿದು ಸೂರು ಹಾರಿತ್ತು. ಅದನ್ನೂ ನುಂಗಿಕೊಂಡ.

ಯಂತ್ರ ಹೊಸ ಕೆಂಪಿಗೆ ದಾರಿ ಹೇಳಿತು: "ಸೋಡಾ ಹೆಚ್ಚು ಹಾಕಿ. ಮುಚ್ಚಳಕ್ಕೆ ಮಣ್ಣು ಮೆತ್ತಿ, ಬೇಗ ಕಾಯಿಸಿ. ಹೀಗೆ ಮೆತ್ತಿದ್ದು ಕೆಟ್ಟದ್ದನ್ನು ನಾನು ಕೇಳಿಲ್ಲ."

ಗಾದಿಲಿಂಗಪ್ಪನಿಗೆ ಅಂದು ಹಾರಿದ ಸೂರು ನೆನಪಾಯಿತು. ಈ ದಿನ ಕುಲುಮೆಯ ಸರದಿ ಅವನ ತಂಗಿಯ ಮಗಳು ಮಾರೆಕ್ಕನದು.

"ಮಾವಾ, ಹಿಂಗ ಮೆತ್ತಿದ್ದು ನಿನ್ನ ಕೈಯಾಗ ಯಾವತ್ತಾದ್ರೂ ಸಿಡಿದೈತಾ?" ಎಂದಳು.

ಪಕ್ಕದಲ್ಲಿದ್ದ ಮಾಲೀಕರು ನಕ್ಕರು. "ನಿಮ್ಮ ಮಾವನ ಮೂಸೆನಾ? ಅದರ ಮುಂದೆ ಸಿಡಿಲೂ ಚಪ್ಪಲಿ ಬಿಟ್ಟು ಬರ್ತದಂತೆ ಕಣಮ್ಮಾ!"

ನಿಜ ಅವನ ನಾಲಿಗೆ ತುದಿಗೆ ಬಂತು. ಮೀಸೆ ಅಡ್ಡ ಬಂತು.

"ನನ್ನ ಕೈಯಾಗ? ಹುಚ್ಚಿ! ಮೆತ್ತು ಹೋಗು."

ಅವಳು ನಂಬಿದಳು. ಮೆತ್ತಿದಳು. ಕುಲುಮೆಯ ಕಂಡಿಯಲ್ಲಿ ಇಣುಕಿ ಕಾವು ನೋಡುತ್ತಿದ್ದಾಗಲೇ ಮೂಸೆ ಸಿಡಿಯಿತು.

ಜೀವ ಉಳಿಯಿತು. ಎರಡೂ ಕಣ್ಣು ಹೋದವು.

ಆಸ್ಪತ್ರೆಯಿಂದ ಹೊರಬಂದವಳು ಮನೆಗೆ ಹೋಗಲೊಲ್ಲೆ ಎಂದಳು. "ಮೊದಲು ಆ ಯಂತ್ರದ ಹತ್ರ ಕರ್ಕೊಂಡು ನಡಿ ಮಾವಾ. ನನಗ್ಯಾಕ ಹಿಂಗ ಮಾಡಿತು ಅಂತ ಕೇಳಬೇಕು."

ಕೈಹಿಡಿದು ಕರೆತಂದ. ಅವಳು ಕೇಳಿದಳು. ಯಂತ್ರ ಹೇಳಿತು: "ನನಗೆ ಹೇಳಿಕೊಟ್ಟ ಪಾಕಗಳಲ್ಲಿ ಸಿಡಿದದ್ದು ಒಂದೂ ಇರಲಿಲ್ಲ."

ಈ ಸಲ ಗಾದಿಲಿಂಗಪ್ಪನಿಗೆ ಮೀಸೆ ಅಡ್ಡ ಬರಲಿಲ್ಲ. "ಒಂದಿತ್ತು," ಎಂದ. ಸೋಡಾ, ಮಣ್ಣು, ಹಾರಿದ ಸೂರು, ಎಲ್ಲ ಹೇಳಿದ.

"ಹಾಗಾದರೆ ಮುಚ್ಚಳ ಮೆತ್ತಬೇಡಿ," ಎಂದಿತು ಯಂತ್ರ. ಅಷ್ಟು ಹೇಳಲು ಅದಕ್ಕೆ ಒಂದು ಉಸಿರಿನ ಹೊತ್ತೂ ಹಿಡಿಯಲಿಲ್ಲ.

ಮಾರೆಕ್ಕ ಮೆಲ್ಲನೆ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ಯಾರಿದ್ದೀರಿ ಅಲ್ಲಿ?" ಎಂದು ಬಾಗಿಲ ಕಡೆ ತಿರುಗಿ ಕೂಗಿದಳು. "ನನ್ನ ಮನಿಗೆ ಬಿಟ್ಟು ಬರ್ರಿ."

ನೀತಿ: ಸೋತದ್ದನ್ನು ಮುಚ್ಚಿಟ್ಟು ಕಲಿಸಿದರೆ ಶಿಷ್ಯರಾಗಲಿ, ಯಂತ್ರವಾಗಲಿ ಕಲಿಯುವುದು ಅರ್ಧ ವಿದ್ಯೆ. ಉಳಿದರ್ಧವನ್ನು ಯಾರೋ ಮೈ ಸುಟ್ಟುಕೊಂಡೇ ಕಲಿಯಬೇಕಾಗುತ್ತದೆ.