ಪರೀಕ್ಷಕನ ಕೈ

“ಗುರುಗಳೇ, ನಾನು ಜೋಡಿಸಿದ ರೋಬೋಟ್ ಚೆನ್ನಾಗಿ ನಡೆಯುತ್ತಿದೆ. ಆದರೂ ‘ಸರಿಯಿದೆ’ ಎಂದು ಹೇಳಲು ನನಗೇಕೆ ಭಯವಾಗುತ್ತಿದೆ?”

ಹೀಗೆ ಕೇಳಿದವಳು ನೀಲಾಂಬಿಕೆ. ಅವಳ ಗುರು ರುದ್ರಾಚಾರರ ಕಾರ್ಯಾಗಾರದಲ್ಲಿ ಪುಟ್ಟ ರೋಬೋಟ್‌ಗಳ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಶಾಲೆಗಳಿಗೆ ಕಳುಹಿಸುತ್ತಿದ್ದರು. ಜೋಡಿಸುವ ಬಗೆಯನ್ನು ತೋರಿಸುವ ಚಿತ್ರಗಳ ಹಾಳೆಯೂ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಕಳುಹಿಸುವ ಮೊದಲು ಯಾರಾದರೂ ಒಬ್ಬರು ಒಂದು ಪೆಟ್ಟಿಗೆಯನ್ನು ತೆರೆದು, ರೋಬೋಟನ್ನು ಜೋಡಿಸಿ ನೋಡಿ, ಸರಿಯಿದೆ ಅಥವಾ ಸರಿಯಿಲ್ಲ ಎಂದು ಹೇಳಬೇಕು. ಈ ಸಲ ಆ ಕೆಲಸ ನೀಲಾಂಬಿಕೆಯದು. ಅವಳಿಗೆ ಇದೇ ಮೊದಲು.

ಹೊರಗೆ ಚಾಲಕ ಇಮಾಮ್‌ಸಾಬರ ವ್ಯಾನ್ ನಿಂತಿತ್ತು. ಅವಳು ಸರಿ ಎಂದರೆ ಪೆಟ್ಟಿಗೆಗಳು ಹೊರಡುತ್ತವೆ. ಸರಿಯಿಲ್ಲ ಎಂದರೆ ಎಲ್ಲವನ್ನೂ ಬಿಚ್ಚಿ, ಎಲ್ಲರೂ ಮತ್ತೆ ಮೊದಲಿನಿಂದ ಕೆಲಸ ಮಾಡಬೇಕು. ಮೇಜಿನ ಮೇಲೆ ರೋಬೋಟ್ ಇತ್ತು, ಖಾಲಿ ಪೆಟ್ಟಿಗೆ ಇತ್ತು, ಪ್ಲಾಸ್ಟಿಕ್ ಉಜ್ಜುವ ಒಂದು ಸಣ್ಣ ಅರ ಇತ್ತು. ಅರದಿಂದ ಉದುರಿದ ಬಿಳಿಯ ಪುಡಿಯನ್ನು ಅವಳು ಅಂಗೈಯಿಂದ ಒರೆಸುತ್ತಲೇ ಮಾತನಾಡುತ್ತಿದ್ದಳು.

ರುದ್ರಾಚಾರರು ಸ್ಟೂಲನ್ನು ಹತ್ತಿರ ಎಳೆದುಕೊಂಡು ಕುಳಿತರು.

“ಒಂದು ಕತೆ ಹೇಳುತ್ತೇನೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನಮ್ಮ, ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಇದುವರೆಗೆ ಯಾರಿಗೂ ಹೇಳಿಲ್ಲ. ಕತೆಗಿಂತ ವಿವರಣೆಯೇ ಹೆಚ್ಚಾಗಬಹುದು. ಎಲ್ಲಿ ಅರ್ಥವಾಗುವುದಿಲ್ಲವೋ ಎಂಬ ಹೆದರಿಕೆ. ಹೆದರಿಕೆಯಾದಷ್ಟೂ ಮಾತು ಬೆಳೆಯುತ್ತದೆ. ಅದು ಯಾಕೆಂದರೆ…”

“ಗುರುಗಳೇ, ನಿಮ್ಮ ಪೀಠಿಕೆ ಮುಗಿಯುವಷ್ಟರಲ್ಲಿ ಇಮಾಮ್‌ಸಾಬರು ವ್ಯಾನ್ ತೆಗೆದುಕೊಂಡು ಹೋಗಿಬಿಡುತ್ತಾರೆ.”

“ಸರಿ, ಸರಿ. ಕೇಳು.”

ಒಬ್ಬ ಗೊಂಬೆಗಾರನಿದ್ದ. ಅವನು ನಡೆಯುವ ಗೊಂಬೆಯೊಂದನ್ನು ಮಾಡಿದ. ಕಾಲು, ಕೈ, ಹಲ್ಲುಚಕ್ರ, ಸಣ್ಣ ಮೋಟರ್, ಎಲ್ಲವೂ ಬಿಡಿಬಿಡಿಯಾಗಿ ಒಂದು ಪೆಟ್ಟಿಗೆಯಲ್ಲಿ ಇದ್ದವು. ಮಾರುವ ಮೊದಲು ಅದನ್ನು ಒಬ್ಬ ಪರೀಕ್ಷಕನಿಗೆ ಕೊಟ್ಟ. ಪರೀಕ್ಷಕ ಅದನ್ನು ಜೋಡಿಸಿದ. ಗೊಂಬೆ ಮೇಜಿನ ಈ ತುದಿಯಿಂದ ಆ ತುದಿಗೆ ನಡೆಯಿತು. “ಏನೂ ತೊಂದರೆಯಿಲ್ಲ,” ಎಂದು ಪರೀಕ್ಷಕ ಹೇಳಿದ.

ಅವನು ಸುಳ್ಳು ಹೇಳಲಿಲ್ಲ. ಇದನ್ನು ನಾನು ಬಿಡಿಸಿ ಹೇಳಬೇಕು. ಅವನು ಸುಳ್ಳುಗಾರ ಎಂದು ನೀನು ತಿಳಿದರೆ ಕತೆ ಕೆಟ್ಟುಹೋಗುತ್ತದೆ. ಅವನು ಸೋಮಾರಿಯೂ ಅಲ್ಲ. ಒಳ್ಳೆಯ ಕೆಲಸಗಾರ. ಆದದ್ದು ಇಷ್ಟೇ. ಗೊಂಬೆಯ ಕಾಲಿಗೆ ಕಂಬಿ ತೂರಿಸುವ ಒಂದು ತೂತಿತ್ತು. ಆ ತೂತು ಸ್ವಲ್ಪ ಕಿರಿದಾಗಿತ್ತು. ಪರೀಕ್ಷಕನ ಕೈ ತಾನಾಗಿ ಚಾಕುವಿನ ತುದಿಯಿಂದ ಅದನ್ನು ಕೆರೆದು ಅಗಲ ಮಾಡಿತು. ಜೋಡಿಸುವ ಬಗೆಯ ಹಾಳೆಯಲ್ಲಿ ಎಡಗಾಲಿನ ಚಿತ್ರ ಬಲಕ್ಕೆ ಅಚ್ಚಾಗಿತ್ತು. ಅವನ ಕಣ್ಣು ಅದನ್ನು ಸರಿಯಾಗಿಯೇ ಓದಿಕೊಂಡಿತು. ಊಟ ಮಾಡುವಾಗ ನಾವು ನೊಣ ಓಡಿಸುತ್ತೇವೆ. ಊಟ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನೊಣದ ಮಾತನ್ನು ಎತ್ತುತ್ತೇವೆಯೇ? ಹಾಗೆ. ಹೋಲಿಕೆ ಸರಿಯಾಯಿತೋ ಇಲ್ಲವೋ ತಿಳಿಯದು. ಇರಲಿ.

ಅವನ ಮಾತು ನಂಬಿ ಗೊಂಬೆಗಾರ ಅಂಥದೇ ಪೆಟ್ಟಿಗೆಗಳನ್ನು ಮಾರಿದ. ಅವುಗಳಲ್ಲಿ ಒಂದು ಪೆಟ್ಟಿಗೆ ಶಾಲೆಯೊಂದಕ್ಕೆ ಹೋಯಿತು. ಅಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಅವಳು ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಉತ್ಸಾಹದಿಂದ ಪೆಟ್ಟಿಗೆ ತೆರೆದಳು. ಕಂಬಿ ತೂರಲಿಲ್ಲ. ಹಾಳೆಯಲ್ಲಿದ್ದಂತೆಯೇ ಮಾಡಿದಳು. ತೂರಲಿಲ್ಲ. ಒತ್ತಿದಳು, ತಿರುಗಿಸಿದಳು, ಮತ್ತೆ ಮೊದಲಿನಿಂದ ಮಾಡಿದಳು. ಹೇಗೋ ಅರ್ಧಕ್ಕೆ ತೂರಿಸಿ ನಿಲ್ಲಿಸಿದರೆ ಗೊಂಬೆ ಒಂದೇ ಕಾಲಿನಲ್ಲಿ ಗಿರಗಿರನೆ ಸುತ್ತಿತು.

“ಮಿಸ್, ಇದು ನಡೆಯೋ ಗೊಂಬೆನಾ, ಬುಗುರಿನಾ?” ಎಂದು ಒಂದು ಮಗು ಕೇಳಿತು. ಎಲ್ಲರೂ ನಕ್ಕರು. ಶಿಕ್ಷಕಿಯೂ ನಕ್ಕಳು. ಆಮೇಲೆ ಪೆಟ್ಟಿಗೆಯನ್ನು ಬೀರುವಿನ ಮೇಲೆ ಇಟ್ಟಳು. ಅಂದಿನಿಂದ ಅವಳು ಪುಸ್ತಕದಲ್ಲಿ ಇದ್ದುದನ್ನು ಓದಿ ಹೇಳಿದಳೇ ಹೊರತು, ಮಕ್ಕಳ ಮುಂದೆ ಯಾವುದನ್ನೂ ಕೈಯಿಂದ ಮಾಡಿ ತೋರಿಸಲಿಲ್ಲ.

ಕೆಲವು ಕಾಲದ ನಂತರ ಆ ಪರೀಕ್ಷಕ ಬೇರೆ ಏನೋ ಕೆಲಸಕ್ಕಾಗಿ ಅದೇ ಶಾಲೆಗೆ ಬಂದ. ಧೂಳು ಹಿಡಿದ ಪೆಟ್ಟಿಗೆಯನ್ನು ಕಂಡ.

“ಯಾಕಮ್ಮ, ಇದನ್ನು ತೆಗೆಯುವುದೇ ಇಲ್ಲವೇ?”

“ಪೆಟ್ಟಿಗೆಯದೇನೂ ತಪ್ಪಿಲ್ಲ ಸರ್. ನನ್ನ ಕೈಗೆ ಅಂಥ ಕೆಲಸ ಹತ್ತುವುದಿಲ್ಲ.”

ಅವನಿಗೆ ಮರುಕವಾಯಿತು. ಜೇಬಿನಿಂದ ಚಾಕು ತೆಗೆದ. ಅವಳು ತಂದುಕೊಟ್ಟ ಚಹಾ ಆರುವುದರೊಳಗೆ ಗೊಂಬೆಯನ್ನು ಜೋಡಿಸಿಬಿಟ್ಟ. ಅದು ನೆಟ್ಟಗೆ ನಡೆಯಿತು. “ನೋಡಿದಿರಾ, ಎಷ್ಟು ಸುಲಭ!” ಎಂದ. ಶಿಕ್ಷಕಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಪರೀಕ್ಷಕ ಒಂದು ಉಪಕಾರ ಮಾಡಿದೆನೆಂಬ ತೃಪ್ತಿಯಿಂದ ಮನೆಗೆ ಹೋದ.

ರುದ್ರಾಚಾರರು ನಿಲ್ಲಿಸಿದರು. ನೀಲಾಂಬಿಕೆ ಮುಂದಕ್ಕೆ ಬಾಗಿದಳು.

“ಅಷ್ಟೇನಾ? ಅವನಿಗೆ ಕೊನೆಗೂ ಗೊತ್ತಾಗಲಿಲ್ಲವೇ?”

“ಇಲ್ಲಮ್ಮ. ಗೊತ್ತಾಗುವುದು ಹೇಗೆ? ಅವನ ಮುಂದೆ ಗೊಂಬೆ ಎರಡು ಸಲವೂ ನಡೆಯಿತಲ್ಲ.” ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. “ನಾನು ಸರಿಯಾಗಿ ಹೇಳಲಿಲ್ಲವೆಂದು ಕಾಣುತ್ತದೆ. ಬಿಡಿಸಿ ಹೇಳುತ್ತೇನೆ. ಇಲ್ಲಿ ಶಿಕ್ಷಕಿ ಎಂದರೆ, ಪೆಟ್ಟಿಗೆ ತೆರೆಯುವ ಪ್ರತಿಯೊಬ್ಬರೂ ಎಂದು ಇಟ್ಟುಕೋ. ಚಾಕು ಎಂದರೆ ಬರೀ ಚಾಕು ಅಲ್ಲ. ಕೆಲಸ ಕಲಿತವರ ಕೈಗೆ ಒಂದು ಗುಣವಿದೆ. ಅದು ಏನೆಂದರೆ…”

“ಆಚಾರ್ರೇ!” ಹೊರಗಿನಿಂದ ವ್ಯಾನ್ ಚಾಲಕ ಇಮಾಮ್‌ಸಾಬರ ದನಿ ಬಂತು. “ನಿಮ್ಮ ಪುರಾಣ ಮುಗಿಯೋ ಹೊತ್ತಿಗೆ ಶಾಲೆಗೆ ಬೇಸಿಗೆ ರಜಾ ಬರುತ್ತೆ! ಪೆಟ್ಟಿಗೆ ಏರಿಸೋಣವೋ ಬೇಡವೋ? ಬಂದು ಹೇಳಿ!”

“ಬಂದೆ ಸಾಬರೇ, ಬಂದೆ.”

ಅವರು ಗಡಿಬಿಡಿಯಿಂದ ಎದ್ದರು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದರು, ಇನ್ನೊಂದು ಸಿಗಲಿಲ್ಲ. ಅದನ್ನು ಹುಡುಕುತ್ತಲೇ ಹೊಸ್ತಿಲ ಬಳಿ ತಿರುಗಿ ಮೇಜಿನ ಕಡೆ ನೋಡಿದರು.

“ನೀಲಾ, ಆ ಅರವೂ ಪೆಟ್ಟಿಗೆಯಲ್ಲೇ ಬಂದದ್ದೇನಮ್ಮ?”

ನೀಲಾಂಬಿಕೆ ಅಂಗೈಗೆ ಹತ್ತಿದ್ದ ಬಿಳಿಯ ಪುಡಿಯನ್ನು ನೋಡಿದಳು. ತಾನು ಅರದಿಂದ ಉಜ್ಜಿದ್ದ ಭಾಗವನ್ನು ರೋಬೋಟಿನಿಂದ ಬಿಚ್ಚತೊಡಗಿದಳು.