ಎಲ್ಲರೂ ಬರೆಯಬಹುದಾದ ಫೈಲು

ಇಂದುಧರ ಕೇಳಿದ: “ಮಾಸ್ತರ್ರೀ, ಅಧಿಕಾರದ ಫೈಲನ್ನ ಒಂದ ನಿಮಿಷ ಎಲ್ಲಾರಿಗೂ ತೆರೆದಿಟ್ಟು, ನನಗ ಬೇಕಾದ ಒಂದ ಸಾಲು ಬರದು, ಮತ್ತ ಮುಚ್ಚಿದ್ರ ಏನ್ ತಪ್ಪೈತ್ರಿ? ವಿಸುಡೊ ಮೂಲಕನ ಯಾಕ ಹೋಗಬೇಕು?”

ಭುಜಂಗ ಮಾಸ್ತರರು ಮೂವತ್ತು ವರ್ಷ ಯುನಿಕ್ಸ್ ವ್ಯವಸ್ಥೆಯ ಕಂಪ್ಯೂಟರ್ ಯಂತ್ರಗಳನ್ನು ನೋಡಿಕೊಂಡವರು. ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಅದೇ ಕೆಲಸ ಕಲಿಸುತ್ತಿದ್ದರು. ಕಲಿಯಲು ಬಂದವರಲ್ಲಿ ಇಂದುಧರನೇ ಚುರುಕು. ಮುಂದಿನ ವಾರ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅಡ್ಮಿನ್ ಆಗಿ ಸೇರುವವನಿದ್ದ. ಅವನ ಪ್ರಶ್ನೆಯಲ್ಲಿ ಸಂದೇಹಕ್ಕಿಂತ ಬೇಸರವೇ ಹೆಚ್ಚಿತ್ತು.

ಅವನು ಕೇಳಿದ ಫೈಲು ಇಂಥದ್ದು. ಅಂಥ ಯಂತ್ರದಲ್ಲಿ ಪೂರ್ತಿ ಅಧಿಕಾರ ಯಾರ ಕೈಯಲ್ಲೂ ಸದಾ ಇರುವುದಿಲ್ಲ. ಅಧಿಕಾರ ಬೇಕಾದ ಕೆಲಸಕ್ಕೆ ಆಜ್ಞೆಯ ಮುಂದೆ ಸುಡೊ ಎಂದು ಬರೆಯಬೇಕು. ಸುಡೊ ಹೋಗಿ ಒಂದು ಫೈಲು ನೋಡುತ್ತದೆ. ಕೇಳಿದವನ ಹೆಸರು ಅದರಲ್ಲಿದ್ದರೆ ಕೆಲಸ ಮಾಡಿಕೊಡುತ್ತದೆ, ಇಲ್ಲದಿದ್ದರೆ ಇಲ್ಲ. ಆ ಫೈಲನ್ನು ತಿದ್ದಲು ವಿಸುಡೊ ಎಂಬ ಒಂದು ದಾರಿ ಇದೆ. ಅದು ಮೂಲ ಫೈಲಿಗೆ ಇನ್ನೊಬ್ಬರು ಕೈ ಹಾಕದಂತೆ ತಡೆದು, ತಿದ್ದುವವನ ಕೈಗೆ ಬರಿ ನಕಲನ್ನು ಕೊಡುತ್ತದೆ. ತಿದ್ದಿದ್ದನ್ನು ಓದಿ ನೋಡಿ, ಸರಿಯಿದ್ದರೆ ಮಾತ್ರ ಮೂಲದ ಜಾಗಕ್ಕೆ ಇಡುತ್ತದೆ.

“ನಾ ತಪ್ಪು ಬರಿಯೂದಿಲ್ರಿ,” ಎಂದ ಇಂದುಧರ.

“ಅಂವನೂ ತಪ್ಪು ಬರೀಲಿಲ್ಲೋ,” ಎಂದರು ಮಾಸ್ತರರು. ಆಮೇಲೆ ಈ ಕತೆ ಹೇಳಿದರು.

ಒಂದು ನದಿ ಇತ್ತು. ಮೇಲೆ ಎಂಟು ಮೈಲಿಯಲ್ಲಿ ಅದಕ್ಕೊಂದು ಅಣೆಕಟ್ಟು. ಬೇಸಿಗೆಯಲ್ಲಿ ನದಿ ಬತ್ತಿ ನಡುವೆ ಮರಳು ಏಳುತ್ತಿತ್ತು. ಆ ಮರಳಿನಲ್ಲಿ ಒಬ್ಬ ರೈತ ಕಲ್ಲಂಗಡಿ ಬೆಳೆಯುತ್ತಿದ್ದ. ಅಪ್ಪನ ಕಾಲದಿಂದ ಅವರಿಗೆ ಅದೇ ಕಸುಬು. ಮರಳಿನ ಹಣ್ಣಿಗೆ ಬೇರೆ ರುಚಿ.

ಬೇಸಿಗೆಯಲ್ಲಿ ಕೆಳಗಿನ ಊರುಗಳಿಗೆ ಕುಡಿಯುವ ನೀರು ಬೇಕಾದಾಗ ಅಣೆಕಟ್ಟಿನವರು ನೀರು ಬಿಡುತ್ತಿದ್ದರು. ನೀರು ಮರಳಿಗೆ ಬಂದು ಮುಟ್ಟಲು ನಲವತ್ತು ನಿಮಿಷ. ಅಷ್ಟರಲ್ಲಿ ಮರಳಿನಲ್ಲಿದ್ದವರು ದಂಡೆ ಹತ್ತಬೇಕು. ಅದಕ್ಕಾಗಿ ದಂಡೆಯುದ್ದಕ್ಕೂ ಕಂಬ ನೆಟ್ಟು ಸೈರನ್ ಕಟ್ಟಿದ್ದರು. ನದಿಯ ಪಕ್ಕದಲ್ಲೇ ಒಂದು ಕಾವಲು ಕೋಣೆ. ಅಲ್ಲಿ ಒಬ್ಬ ಹೆಂಗಸು ಕೂತಿರುತ್ತಿದ್ದಳು. ನೀರು ಬಿಟ್ಟೆವು ಎಂದು ಮೇಲಿನಿಂದ ಫೋನು ಬಂದ ಕೂಡಲೇ ಆಕೆ ಕಂಪ್ಯೂಟರಿನಲ್ಲಿ ಸುಡೊ ಎಂದು ಬರೆದು ಸೈರನ್ನಿನ ಆಜ್ಞೆ ಕೊಡುತ್ತಿದ್ದಳು. ಸಿಕ್ಕ ಸಿಕ್ಕವರು ಊದಬಾರದೆಂದು ಆ ಅಧಿಕಾರವನ್ನು ಆಕೆಯ ಹೆಸರಿಗೆ ಮಾತ್ರ ಬರೆದಿದ್ದರು.

ಮರಳಿನವರಲ್ಲೂ ಒಂದು ರೂಢಿ ಬೆಳೆದಿತ್ತು. ಸೈರನ್ ಆದರೆ ಹಣ್ಣು, ಬುಟ್ಟಿ, ಚಪ್ಪಲಿ ಎಲ್ಲ ಬಿಟ್ಟು ಓಡಬೇಕು. ಸೈರನ್ ಆಗದಿದ್ದರೆ ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಬಾರದು. ಹಿಂದೆ ಕೆಲವರು ನೀರು ಬಂತು ಎಂದು ಸುಳ್ಳೇ ಕೂಗಿ, ಇವರು ಓಡಿದ ಮೇಲೆ ಹಣ್ಣು ಕದ್ದಿದ್ದರು. ಸೈರನ್ ಬಂದ ಮೇಲೆ ಆ ಕಾಟ ತಪ್ಪಿತ್ತು. ಫೋನಿಗೆ ಮರಳು ಹೋಗುತ್ತದೆಂದು ಅದನ್ನು ದಂಡೆಯ ಗುಡಿಸಲಿನಲ್ಲೇ ಇಟ್ಟು ಇಳಿಯುತ್ತಿದ್ದರು. ಸೈರನ್ ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಫೋನು ಯಾಕೆ ಬೇಕು?

ಈ ಎಲ್ಲವನ್ನೂ ನಡೆಸುವ ಯಂತ್ರ ಕಾವಲು ಕೋಣೆಯ ಪಕ್ಕದ ಕೋಣೆಯಲ್ಲಿತ್ತು. ಅದಕ್ಕೆ ಯಾವಾಗಲೂ ಬೀಗ. ಬೀಗದ ಕೈ ಇದ್ದದ್ದು ನಲವತ್ತು ಮೈಲಿ ದೂರದ ಪಟ್ಟಣದಲ್ಲಿ, ಒಬ್ಬ ಅಡ್ಮಿನ್ ಬಳಿ. ಅವನು ತನ್ನ ಕುರ್ಚಿಯಲ್ಲೇ ಕೂತು ನೆಟ್‌ವರ್ಕಿನ ಮೂಲಕ ಯಂತ್ರ ನೋಡಿಕೊಳ್ಳುತ್ತಿದ್ದ. ಅವನೇನು ದಡ್ಡನಲ್ಲ. ದಡ್ಡರಿಗೆ ಅಷ್ಟು ದೊಡ್ಡ ತಪ್ಪು ಮಾಡಲು ಬರುವುದೂ ಇಲ್ಲ, ಅವರು ಮೊದಲ ಮೆಟ್ಟಿಲಲ್ಲೇ ಎಡವಿ ನಿಲ್ಲುತ್ತಾರೆ.

ಒಂದು ದಿನ ಬೆಳಿಗ್ಗೆ ಅವನಿಗೊಂದು ಸಣ್ಣ ಕೆಲಸ ಬಂತು. ಕಾವಲಿಗೆ ಇನ್ನೊಬ್ಬ ಹೆಂಗಸು ಸೇರುವವಳಿದ್ದಳು. ಆಕೆಯ ಹೆಸರನ್ನೂ ಅಧಿಕಾರದ ಫೈಲಿಗೆ ಸೇರಿಸಬೇಕು. ಒಂದೇ ಸಾಲು. ವಿಸುಡೊ ಎಂದು ಹೊಡೆದಿದ್ದರೆ ಮುಗಿಯುತ್ತಿತ್ತು. ಆದರೆ ವಿಸುಡೊ ಆ ಯಂತ್ರದಲ್ಲಿ ಫೈಲು ತಿದ್ದಲು ಹಳೆಯ ಕಾಲದ, ಬರಿ ಕೀಲಿಗಳಿಂದ ನಡೆಯುವ ಎಡಿಟರ್ ತೆರೆಯುತ್ತಿತ್ತು. ಅವನಿಗೆ ಅದರ ಮೇಲೆ ಸಿಟ್ಟು. ಅವನಿಗೆ ಒಗ್ಗಿದ್ದು ಬಣ್ಣ ಬಣ್ಣದ, ಮೌಸ್ ಓಡುವ ಇನ್ನೊಂದು ಎಡಿಟರ್. ಅದು ಅವನ ಸ್ವಂತ ಹೆಸರಿನಲ್ಲೇ ನಡೆಯುವಂಥದ್ದು. ಅಧಿಕಾರದ ಫೈಲಿನಲ್ಲಿ ಬರೆಯಲು ಅದಕ್ಕೆ ಅನುಮತಿ ಇಲ್ಲ.

ಹಾಗಾದರೆ ಅನುಮತಿ ಕೊಟ್ಟರಾಯಿತು ಎಂದುಕೊಂಡ. ಸುಡೊ ಎಂದು ಹೊಡೆದು, ಆ ಫೈಲಿನ ಪರ್ಮಿಶನ್ನಿಗೆ ಮೂರು ಏಳು ಬರೆದ. ಏಳು ಏಳು ಏಳು ಎಂದರೆ ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು. ಒಂದು ನಿಮಿಷದ ಮಟ್ಟಿಗೆ. ತನ್ನ ಬಣ್ಣದ ಎಡಿಟರಿನಲ್ಲಿ ಫೈಲು ತೆರೆದು ಸಾಲು ಬರೆದ. ಅಕ್ಷರ ಅಕ್ಷರ ಸರಿಯಾಗಿತ್ತು. ನಾನು ಆಮೇಲೆ ಆ ಸಾಲನ್ನು ಓದಿದ್ದೇನೆ, ಎಂದರು ಮಾಸ್ತರರು, ಅದಕ್ಕಿಂತ ಚೆನ್ನಾಗಿ ನಾನೂ ಬರೆಯುತ್ತಿರಲಿಲ್ಲ.

ಸೇವ್ ಮಾಡಿದ. ಇನ್ನು ಪರ್ಮಿಶನ್ ಮೊದಲಿನಂತೆ ಮಾಡಬೇಕು. ಸುಡೊ ಎಂದು ಹೊಡೆದ. ಸುಡೊ ಒಲ್ಲೆನೆಂದಿತು. ಈ ಫೈಲಿನಲ್ಲಿ ಯಾರು ಬೇಕಾದರೂ ಬರೆಯಬಹುದಾಗಿದೆ, ಇದನ್ನು ನಾನು ನಂಬುವುದಿಲ್ಲ ಎಂಬ ಅರ್ಥದ ಒಂದು ಸಾಲು ತೋರಿಸಿ ಬಾಗಿಲು ಹಾಕಿಕೊಂಡಿತು.

ಅವನಿಗೆ ಮೊದಲು ನಗು ಬಂತು. ಇನ್ನೊಮ್ಮೆ ಹೊಡೆದ. ಅದೇ ಉತ್ತರ. ಪರ್ಮಿಶನ್ ಸರಿಮಾಡಲು ಸುಡೊ ಬೇಕು, ಸುಡೊ ಬೇಕೆಂದರೆ ಪರ್ಮಿಶನ್ ಸರಿಯಿರಬೇಕು. ಅವನು ಬೇರೆ ದಾರಿ ಹುಡುಕಿದ.

ಪೂರ್ತಿ ಅಧಿಕಾರದ ಇನ್ನೊಂದು ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ಕಿಟಕಿ, ಮೊದಲೇ ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದರೆ ಅಲ್ಲಿಂದ ಕೈ ಹಾಕಬಹುದಿತ್ತು. ತೆರೆದಿಟ್ಟಿರಲಿಲ್ಲ. ರೂಟ್ ಎಂಬ ಯಜಮಾನ ಖಾತೆ ಇತ್ತು. ಅದರ ಪಾಸ್‌ವರ್ಡನ್ನು ಎರಡು ವರ್ಷದ ಹಿಂದೆ ರದ್ದು ಮಾಡಿದ್ದರು. ಅದೇ ಕ್ಷೇಮ ಎಂದು ಹೇಳಿ ರದ್ದು ಮಾಡಿಸಿದವನು ಇವನೇ. ಉಳಿದದ್ದು ಒಂದೇ ದಾರಿ, ಯಂತ್ರದ ಮುಂದೆ ನಿಂತು, ಅದನ್ನು ಆರಿಸಿ, ದುರಸ್ತಿಯ ಬಾಗಿಲಿನಿಂದ ಮತ್ತೆ ಎಬ್ಬಿಸುವುದು. ಯಂತ್ರ ನಲವತ್ತು ಮೈಲಿ ದೂರ. ಬೀಗದ ಕೈ ಅವನ ಜೇಬಿನಲ್ಲಿ.

ಕೂಡಲೇ ಹೊರಟಿದ್ದರೆ ಆಗುತ್ತಿತ್ತು, ಆಗ ಇನ್ನೂ ಹತ್ತು ಗಂಟೆ. ಅವನು ಹೊರಡಲಿಲ್ಲ. ಹೊರಟರೆ ಯಾಕೆ ಎಂದು ಸಾಹೇಬರು ಕೇಳುತ್ತಾರೆ. ಕುರ್ಚಿಯಲ್ಲೇ ಕೂತು ಆ ಫೈಲನ್ನು ಮತ್ತೆ ತೆರೆದ. ಅದು ತೆರೆಯಿತು! ತನ್ನ ಹೆಸರಿಗೆ ಎಲ್ಲ ಅಧಿಕಾರ ಎಂದು ಬರೆದ, ಸೇವ್ ಆಯಿತು. ಎಲ್ಲರಿಗೂ ಎಲ್ಲ ಅಧಿಕಾರ ಎಂದು ಬರೆದ, ಅದೂ ಸೇವ್ ಆಯಿತು. ಆ ಯಂತ್ರಕ್ಕೆ ಬಂದ ಯಾರು ಬೇಕಾದರೂ ಆ ಫೈಲಿನಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಅದಕ್ಕೇ ಸುಡೊ ಅದನ್ನು ಓದುತ್ತಿರಲಿಲ್ಲ. ಅವನು ಒಂದು ಗಂಟೆ ಹಾಗೆ ಬರೆಯುತ್ತಲೇ ಇದ್ದ.

ಹನ್ನೊಂದಕ್ಕೆ ಮೇಲಿನಿಂದ ಕಾವಲು ಕೋಣೆಗೆ ಫೋನು ಬಂತು. ನೀರು ಬಿಟ್ಟಿದ್ದರು. ಹೆಂಗಸು ಸೈರನ್ನಿನ ಆಜ್ಞೆ ಕೊಟ್ಟಳು. ಸುಡೊ ಒಲ್ಲೆನೆಂದಿತು. ಆಕೆ ಅಡ್ಮಿನ್‌ಗೆ ಫೋನು ಮಾಡಿದಳು.

“ಸರ, ಸೈರನ್ ಆಗವಲ್ದ್ರೀ. ಏನೋ ನಂಬೂದಿಲ್ಲ ಅನ್ನಾಕತ್ತೈತಿ.”

“ಎರಡ ನಿಮಿಷ ತಡೀರಿ. ಆಗತೈತಿ.”

ಹಿಂದೊಮ್ಮೆ ಯಂತ್ರ ಕೆಟ್ಟಾಗ ಅವನು ಆ ಕೋಣೆಗೆ ಬಂದು ಸರಿಮಾಡಿದ್ದನ್ನು ಆಕೆ ನೋಡಿದ್ದಳು. “ಬೀಗ ಒಡೀಲೇನ್ರಿ ಸರ? ಕಲ್ಲು ತಗೊಂಡು ಒಡದ್ ಬಿಡತೇನಿ. ಒಳಗ ಏನ್ ಮಾಡಬೇಕು ನೀವು ಹೇಳಿಕೋತ ಹೋಗ್ರಿ.”

ಬೀಗ ಒಡೆದಿದ್ದರೆ ಹತ್ತು ನಿಮಿಷದ ಕೆಲಸ, ಎಂದರು ಮಾಸ್ತರರು. ಯಂತ್ರ ಆರಿಸಿ ಎಬ್ಬಿಸುವುದನ್ನು ಫೋನಿನಲ್ಲೇ ಹೇಳಿಕೊಡಬಹುದಿತ್ತು. ಆಕೆ ಜಾಣೆ, ಮಾಡುತ್ತಿದ್ದಳು. ಆದರೆ ಬೀಗ ಒಡೆದರೆ ಯಾಕೆ ಒಡೆದಿರಿ ಎಂದು ಕಾಗದದ ಮೇಲೆ ಬರೆಯಬೇಕಾಗುತ್ತದೆ.

“ಬ್ಯಾಡ ಬ್ಯಾಡ,” ಎಂದ ಅಡ್ಮಿನ್. “ನಾ ಇಲ್ಲಿಂದನ ಮಾಡತೇನಿ. ಎರಡ ನಿಮಿಷ.”

ಹಾಗೆ ಇಪ್ಪತ್ತೈದು ನಿಮಿಷ ಕಳೆಯಿತು. ಅಷ್ಟು ಹೊತ್ತೂ ಆಕೆ ಅವನ ಮಾತು ನಂಬಿ ಕೂತಿದ್ದಳು. ಕೊನೆಗೆ ಫೋನು ಅಲ್ಲೇ ಬಿಸಾಕಿ ದಂಡೆಯ ಮೇಲೆ ಓಡಿದಳು. ರೈತನ ಮರಳು ಒಂದೂವರೆ ಮೈಲಿ ಕೆಳಗಿತ್ತು.

ಕಲ್ಲಂಗಡಿಯ ಹಂಗಾಮು ಮುಗಿಯುತ್ತ ಬಂದಿತ್ತು. ಆ ದಿನ ಮರಳಿನಲ್ಲಿ ಇದ್ದವನು ಆ ರೈತ ಒಬ್ಬನೇ. ಅವನ ಹೆಂಡತಿ ಬುತ್ತಿ ತರಲು ದಂಡೆ ಹತ್ತಿ ಮನೆಗೆ ಹೋಗಿದ್ದಳು. ಕಾವಲಿನ ಹೆಂಗಸು ದಂಡೆಯ ಮೇಲೆ ಅವನ ಎದುರಿಗೆ ಬಂದು ನಿಂತು, ಏದುಸಿರು ಬಿಡುತ್ತ, ಕೈ ಬೀಸಿ ಕೂಗಿದಳು. ಮೇಲೆ ಬಾ, ನೀರು ಬಂತು ಎಂದು ಕೂಗಿದಳು.

ರೈತ ತಲೆ ಎತ್ತಿ ಆಕೆಯನ್ನು ನೋಡಿದ. ಯಾರೆಂದು ಗುರುತಿರಲಿಲ್ಲ. ಆಮೇಲೆ ಸೈರನ್ನಿನ ಕಂಬ ನೋಡಿದ. ಕೈ ಎತ್ತಿ ಕಂಬ ತೋರಿಸಿದ. ಅದು ಸುಮ್ಮನಿದೆಯಲ್ಲ ಎಂಬಂತೆ ನಕ್ಕು, ಹಣ್ಣು ಕೊಯ್ಯಲು ಮತ್ತೆ ಬಗ್ಗಿದ.

ಆಕೆ ನೀರಿಗೆ ಇಳಿಯಲು ಹೋದಳು. ಅಷ್ಟರಲ್ಲಿ ದಂಡೆಗೂ ಮರಳಿಗೂ ನಡುವಿನ ಸಣ್ಣ ಹರಿವು ಸೊಂಟ ಮುಟ್ಟಿತು, ನೋಡುತ್ತಿದ್ದಂತೆ ಎದೆ ಮುಟ್ಟಿತು. ರೈತ ಈ ಸಲ ತಲೆ ಎತ್ತಿದಾಗ ನಗಲಿಲ್ಲ. ಓಡಿದ. ಓಡಲು ಮರಳು ಉಳಿದಿರಲಿಲ್ಲ. ಹೆಂಡತಿ ಬುತ್ತಿ ಹೊತ್ತು ದಂಡೆಗೆ ಬಂದಾಗ ನೀರಿನ ಮೇಲೆ ಕಲ್ಲಂಗಡಿ ತೇಲಿ ಹೋಗುತ್ತಿದ್ದವು. ಅವನು ಸಿಕ್ಕಿದ್ದು ಮೂರನೆಯ ದಿನ, ಹನ್ನೆರಡು ಮೈಲಿ ಕೆಳಗೆ.

ನೀರು ಬಂದ ದಿನದ ಸಂಜೆಯೇ ಬೇರೊಬ್ಬರು ಹೋಗಿ ಬೀಗ ತೆಗೆದು ಯಂತ್ರದ ಮುಂದೆ ಕೂತರು. ಫೈಲಿನ ಪರ್ಮಿಶನ್ ಸರಿಮಾಡಲು ನಾಲ್ಕು ನಿಮಿಷ ಹಿಡಿಯಿತು. ಪರೀಕ್ಷೆಗೆಂದು ಸೈರನ್ ಊದಿಸಿದರು. ಸುತ್ತಲಿನ ನಾಲ್ಕೂ ಊರಿಗೆ ಕೇಳುವ ಹಾಗೆ ಊದಿತು. ಅದನ್ನು ಕೇಳಿ ರೈತನ ಹೆಂಡತಿ ಮನೆಯಿಂದ ಹೊರಗೆ ಓಡಿ ಬಂದಳಂತೆ. ಇನ್ನೂ ಅವನು ಎಲ್ಲೋ ಮರಳಿನಲ್ಲಿದ್ದಾನೆ, ಈಗಲಾದರೂ ಕೇಳಿಸಿಕೊಂಡು ಬರುತ್ತಾನೆ ಎಂದು ದಂಡೆಯ ಮೇಲೆ ನಿಂತಳಂತೆ.

ತಿಂಗಳಾದ ಮೇಲೆ ಆಕೆ ಪಟ್ಟಣದ ಆಫೀಸಿಗೆ ಬಂದಳು. ಪರಿಹಾರದ ಕಾಗದಕ್ಕೆ ಹೆಬ್ಬೆಟ್ಟು ಹಾಕಲು ಕರೆಸಿದ್ದರು. ಹೆಬ್ಬೆಟ್ಟು ಹಾಕಿ, ಅಡ್ಮಿನ್ ಯಾರು ಎಂದು ಕೇಳಿಕೊಂಡು ಅವನ ಮೇಜಿನ ಮುಂದೆ ಬಂದು ನಿಂತಳು. ಬೈಯಲಿಲ್ಲ, ಅಳಲಿಲ್ಲ. ಆಕೆಗೆ ಒಂದು ವಿಷಯ ಗೊತ್ತಾಗಬೇಕಿತ್ತು.

“ಸೈರನ್ ಕೆಟ್ಟಿತ್ತೇನ್ರಿ ಸಾಹೇಬ್ರ?”

“ಇಲ್ಲವ್ವ.”

“ಕರೆಂಟ್ ಹೋಗಿತ್ತೇನ್ರಿ?”

“ಇಲ್ಲ.”

“ಮತ್ತ ಯಾರರ ಊದಬ್ಯಾಡ ಅಂದ್ರೇನ್ರಿ?”

ಅಡ್ಮಿನ್ ಬಾಯಿ ತೆರೆದ. ಪರ್ಮಿಶನ್ ಎಂದರೇನು ಎಂದು ಹೇಳಬೇಕೆಂದಿದ್ದ. ಮೂರು ಏಳು ಎಂದರೇನು, ಸುಡೊ ಯಾಕೆ ನಂಬುವುದಿಲ್ಲ, ಎಲ್ಲ ಅವನಿಗೆ ಬಾಯಿಪಾಠ. ಹಳೆಯ ಎಡಿಟರ್ ತನಗೆ ಹಿಡಿಸುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಇದರಲ್ಲಿ ಯಾವುದನ್ನು ಆ ಹೆಂಗಸಿನ ಮುಂದೆ ಇಡುವುದು? ಆಕೆ ತುಂಬಾ ಹೊತ್ತು ನಿಂತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬಸ್ಸಿನ ಹೊತ್ತಾಯಿತೆಂದು ಹೋದಳು.

ಮಾಸ್ತರರು ಕತೆ ಮುಗಿಸಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಇಂದುಧರ ಕೀಲಿಮಣೆಯ ಮೇಲಿಂದ ಯಾವಾಗಲೋ ಕೈ ತೆಗೆದಿದ್ದ. ಆದರೂ ಅವನಿಗೆ ಸುಮ್ಮನಿರಲು ಆಗಲಿಲ್ಲ.

“ಅಂವ ಆಕೀಗೆ ಏನ್ ಹೇಳಬೇಕಿತ್ರಿ, ಮಾಸ್ತರ್?”

“ಅದನ್ನ ನೀ ನನಗ ಹೇಳು ತಮ್ಮಾ, ಆಮ್ಯಾಲೆ ಆ ಫೈಲ್ ನಿನಗ ಹೆಂಗ ಬೇಕೋ ಹಂಗ ತಗಿ,” ಎಂದರು ಮಾಸ್ತರರು.